ಬೆಕ್ಕಿಗೆ ಕೊಟ್ಟಷ್ಟು ದಿನ

ಭಾನುವಾರ ಬರುವಾಗ ಒಂದು ಗೋಣಿಚೀಲ ತಗೊಂಡು ಬಾ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ಯಾಕೆ, ಏನು ಎಂದು ನಾನು ಕೇಳಲಿಲ್ಲ. ಅವಳ ಫೋನು ಯಾವಾಗಲೂ ಹಾಗೇ. ಅತ್ತೆ ಬಚ್ಚಲಿಗೆ ಹೋದಾಗಲೋ, ಬಾವ ಅಂಗಡಿಗೆ ಹೋದಾಗಲೋ ಮಾಡುವ ಫೋನು. ಹೇಳಬೇಕಾದ್ದನ್ನು ಹೇಳಿ ಇಟ್ಟುಬಿಡುತ್ತಾಳೆ. ನಾವು ಏನಾದರೂ ಕೇಳಿ ಅವಳು ಉತ್ತರ ಕೊಡುವಷ್ಟರಲ್ಲಿ ಆ ಕಡೆ ಇನ್ಯಾರದೋ ದನಿ ಕೇಳಿಸಿ ಕಟ್ ಆಗುತ್ತದೆ. ನಮ್ಮದು ಚಳ್ಳಕೆರೆಯಲ್ಲಿ ಹಿಂಡಿ ಅಂಗಡಿ. ಗೋಣಿಚೀಲಕ್ಕೇನು ಬರ? ದನಗಳಿಗೆಂದು ಜನ ಒಯ್ಯುವ ಶೇಂಗಾ ಹಿಂಡಿಯ ಖಾಲಿ ಚೀಲವೊಂದನ್ನು ಕೊಡವಿ, ಮಡಚಿ, ಬ್ಯಾಗಿಗೆ ತುರುಕಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಅಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟು ನಾಲ್ಕು ವರ್ಷವಾಗಿತ್ತು. ರೇಷ್ಮೆ ಸೀರೆ ನೇಯುವ ಮನೆ. ನಮ್ಮದೂ ಮೂಲದಲ್ಲಿ ನೇಕಾರರ ಮನೆತನವೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಎಣ್ಣೆ ಮಿಲ್ಲಿನ ಕೆಲಸಕ್ಕೆಂದು ಚಳ್ಳಕೆರೆಗೆ ಬಂದುಬಿಟ್ಟವರು. ಹಾಗಾಗಿ ಅಕ್ಕ ಮದುವೆಗೆ ಮುಂಚೆ ಅಡ್ಡ ನೂಲು ಹಾಯಿಸುವ ಲಾಳಿಯನ್ನು ಕೈಯಲ್ಲಿ ಹಿಡಿದವಳೂ ಅಲ್ಲ. ಆ ಮನೆಯಲ್ಲಿ ಆಡುವ ಮಾತು ತೆಲುಗು, ಅದೂ ಅವಳಿಗೆ ಬರುತ್ತಿರಲಿಲ್ಲ. ಮದುವೆಯ ಹಸಿರು ಚಪ್ಪರ ಒಣಗುವ ಮೊದಲೇ ಅವಳನ್ನು ರಾಟೆಯ ಮುಂದೆ ಕೂರಿಸಿ, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಲು ಹಚ್ಚಿದರು. ಎಳೆ ಹರಿದರೆ ಬೈಗಳು, ತೆಲುಗು ತಪ್ಪಿದರೆ ನಗೆ. ಅವ್ವ ಫೋನಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು. "ಹೊಂದ್ಕಂಡು ಹೋಗವ್ವ. ಹೆಣ್ಣು ಅಂದ್ಮೇಲೆ ಇಂಥವೆಲ್ಲ ಇರ್ತಾವೆ."

ಸಣ್ಣವಳಿದ್ದಾಗ ನಮ್ಮ ಓಣಿಯಲ್ಲಿ ಅಕ್ಕನಷ್ಟು ದೊಡ್ಡ ಬಾಯಿ ಯಾರಿಗೂ ಇರಲಿಲ್ಲ. ಲಗೋರಿ ಆಡುವಾಗ ಅವಳ ಕೂಗು ಮಿಲ್ಲಿನ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಅಂಥವಳು ನಾಲ್ಕು ವರ್ಷದಲ್ಲಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳಾದಳು. ನೆಂಟರು ಬಂದು "ನಿಮ್ಮ ದೊಡ್ಡಾಕಿ ಎಷ್ಟು ತಗ್ಗಿ ಬಗ್ಗಿ ನಡೀತಾಳೆ ನೋಡ್ರಿ" ಎಂದು ಹೊಗಳುತ್ತಿದ್ದರು. ಅವ್ವ ಹಿಗ್ಗುತ್ತಿದ್ದಳು. ಹಿಗ್ಗುವುದಕ್ಕೆ ಅದರಲ್ಲಿ ಏನಿತ್ತೋ ನನಗಂತೂ ತಿಳಿಯಲಿಲ್ಲ.

ಗೋಣಿಚೀಲ ಬೇಕಾಗಿದ್ದದ್ದು ಬೆಕ್ಕಿಗೆ. ಕಪ್ಪು ಬಿಳಿ ಮಚ್ಚೆಯ, ಉದ್ದ ಕಾಲಿನ, ಇನ್ನೂ ವರ್ಷ ತುಂಬದ ಹೆಣ್ಣು ಬೆಕ್ಕು. ಇಲಿಗಳು ರೇಷ್ಮೆ ಕಡಿದು ಹಾಕುತ್ತವೆಂದು ಅಕ್ಕನ ಮನೆಯವರೇ ಬಿ.ಜಿ. ಕೆರೆಯ ನೆಂಟರಿಂದ ತರಿಸಿದ್ದರು. ಇಲಿ ಹಿಡಿಯುವುದರಲ್ಲಿ ಅದು ಹಿಂದೆ ಬೀಳಲಿಲ್ಲ. ಆದರೆ ಅಷ್ಟಕ್ಕೇ ನಿಲ್ಲುವ ಜೀವವಲ್ಲ ಅದು. ಮಗ್ಗದಲ್ಲಿ ಎಳೆ ಅಲುಗಿದರೆ ಹಾರುತ್ತಿತ್ತು, ಲಾಳಿ ಓಡಿದರೆ ಹಿಂದೆ ಓಡುತ್ತಿತ್ತು, ಏನೂ ಇಲ್ಲದಿದ್ದರೆ ನಡುಮನೆಯಲ್ಲಿ ಕೂತು ಒಂದೇ ಸಮನೆ ಒದರುತ್ತಿತ್ತು. ಆ ವಾರ ಮಗ್ಗದ ಮೇಲೆ ಬಿಗಿದಿದ್ದ ಉದ್ದೆಳೆಗಳ ಹಾಸಿನ ಮೇಲೆಯೇ ಹಾರಿ ಉಗುರು ಸಿಕ್ಕಿಸಿಕೊಂಡು, ಬಿಡಿಸಿಕೊಳ್ಳಲು ಹೋಗಿ ಹಿಡಿಗಟ್ಟಲೆ ಎಳೆ ಹರಿದುಹಾಕಿತ್ತು. ಹರಿದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕಲು ಕೂತವಳು ಅಕ್ಕ.

ನಾನು ಹೋದಾಗ ಅತ್ತೆಯಾದವರು ಬಾಗಿಲಲ್ಲೇ ಇದ್ದರು. ಕೂರು ಎನ್ನುವ ಮೊದಲು ಬೆಕ್ಕಿನ ಮಾತು. "ಇದುಂಟೇ ಮಗ್ಗಂ ಉಂಡದು" ಎಂದು ತೆಲುಗಿನಲ್ಲಿ ಅಂದು, ನನಗೆ ತಿಳಿಯಲಿಲ್ಲವೇನೋ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದರು. "ಇದು ಇದ್ರೆ ಮಗ್ಗ ಉಳಿಯಲ್ಲ. ಬಾವೀಗೆ ಹಾಕ್ರಿ ಅಂದೆ. ನಿಮ್ಮಕ್ಕ ಬಿಡ್ಲಿಲ್ಲ. ಬೆಕ್ಕಿಗೂ ಬಾಯಿ ಜಾಸ್ತಿ, ಸಾಕಿದೋಳಿಗೂ ಈಗೀಗ ಬಾಯಿ ಬರ್ತಾ ಐತೆ."

ಅಕ್ಕ ಒಳಗಿಂದ ಬೆಕ್ಕನ್ನು ಎತ್ತಿಕೊಂಡು ಬಂದಳು. ಅವಳ ಬಲಗೈ ಬೆರಳಿನ ಗೆಣ್ಣುಗಳು ಊದಿಕೊಂಡು ಕಪ್ಪಾಗಿದ್ದವು. ಏನೇ ಇದು ಎಂದೆ. "ಎಳೆ ಕಟ್ಟಿ ಕಟ್ಟಿ ಹಿಂಗಾಗೈತೆ" ಎಂದು ಸೆರಗಿನೊಳಗೆ ಎಳೆದುಕೊಂಡಳು. ಎಳೆ ಕಟ್ಟಿದರೆ ಬೆರಳ ತುದಿ ನೋಯುತ್ತದೆ, ಗೆಣ್ಣಲ್ಲ. ಬಾವ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದವರು ತಲೆ ಎತ್ತಿ ನೋಡಿ, ಮತ್ತೆ ಲಾಳಿ ಎಸೆದರು. ಆ ಲಾಳಿ ಮರದ್ದು, ಎರಡೂ ತುದಿ ಚೂಪು. ಅತ್ತೆ ಎದುರಿಗೇ ನಿಂತಿದ್ದರು. ನಾನು ಇನ್ನೇನೂ ಕೇಳಲು ಅಕ್ಕ ಬಿಡಲಿಲ್ಲ. ಕಣ್ಣಲ್ಲೇ ಬೇಡ ಎಂದಳು.

ಬೆಕ್ಕು ಅವಳ ಕೈಯಲ್ಲಿ ಸುಮ್ಮನಿತ್ತು. ಚೀಲಕ್ಕೆ ಇಳಿಸುವಾಗಲೂ ಮೈ ಸಡಿಲ ಬಿಟ್ಟು ಇಳಿಯಿತು. ಬಾಯಿ ಕಟ್ಟಿದ್ದೇ ತಡ, ಲೋಕ ಮುಳುಗಿದಂತೆ ಕಿರುಚತೊಡಗಿತು. "ಸದ್ದು ಮಾಡಿದ್ರೆ ಬೈಬ್ಯಾಡ" ಎಂದಳು ಅಕ್ಕ, ಹುರಿಯನ್ನು ಇನ್ನೊಂದು ಸುತ್ತು ಸುತ್ತುತ್ತಾ. "ಹೊಡೀಬ್ಯಾಡ್ರಿ. ಹೊಡೆದ್ರೆ ಬುದ್ಧಿ ಬರಲ್ಲ, ಹೆದರಿಕೆ ಬರ್ತೈತೆ ಅಷ್ಟೇ." ಬಸ್‌ಸ್ಟ್ಯಾಂಡಿನವರೆಗೆ ಬರುತ್ತಾಳೇನೋ ಎಂದುಕೊಂಡಿದ್ದೆ. ಹೊಸ್ತಿಲು ದಾಟಲಿಲ್ಲ.

ಬಸ್ಸಿನ ಪಾಡು ಹೇಳುವುದೇ ಬೇಡ. ತಳಕು ಬರುವವರೆಗೂ ಚೀಲ ನನ್ನ ಕಾಲ ಬುಡದಲ್ಲಿ ಕುಪ್ಪಳಿಸುತ್ತಲೇ ಇತ್ತು, ಕೂಗಂತೂ ಡ್ರೈವರಿಗೂ ಕೇಳುವಂತಿತ್ತು. ಕಂಬಳಿ ಹೊದ್ದ ಮುದುಕರೊಬ್ಬರು "ಯಾರವ್ವ ಅದ್ರಾಗೆ, ಕೂಸಾ?" ಎಂದು ಗಾಬರಿಯಿಂದ ಕೇಳಿದರು. ಬೆಕ್ಕು ಎಂದೆ. "ತವರಿಗಾ, ಗಂಡನ ಮನೆಗಾ?" ಎಂದರು. ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಬೆಕ್ಕು ತರುತ್ತಿದ್ದೇನೆ ಎಂದು ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದಾಗಲೇ, ಚೀಲದ ಬಾಯಿ ದಾರಿಯಲ್ಲಿ ಬಿಚ್ಚಕೂಡದು ಎಂದು ಅವ್ವ ತಾಕೀತು ಮಾಡಿದ್ದಳು. ನಾಯಿ ಆಳನ್ನು ನೆನಪಿಡುತ್ತದೆ, ಬೆಕ್ಕು ಮನೆಯನ್ನು ನೆನಪಿಡುತ್ತದೆ; ದಾರಿ ಕಂಡರೆ ಎಷ್ಟು ದೂರವಿದ್ದರೂ ವಾಪಸ್ಸು ನಡೆದುಬಿಡುತ್ತದೆ ಎನ್ನುವುದು ಅವಳ ನಂಬಿಕೆ. ಮನೆ ಮುಟ್ಟಿದಾಗ ತುಪ್ಪದ ಗಿಂಡಿ ಹಿಡಿದು ಹಿತ್ತಲಲ್ಲೇ ಕಾಯುತ್ತಿದ್ದಳು. ಚೀಲ ಹಿಡಿದು ಒರಳುಕಲ್ಲಿನ ಸುತ್ತ ಮೂರು ಸುತ್ತು ಹಾಕಿಸಿದಳು. ಆಮೇಲೆ ಬಾಯಿ ಬಿಚ್ಚಿ, ನಾನು ಬೆಕ್ಕಿನ ಕೊರಳು ಹಿಡಿದುಕೊಂಡಾಗ, ನಾಲ್ಕೂ ಕಾಲಿಗೆ ತುಪ್ಪ ಸವರಿದಳು. ಕಾಲು ನೆಕ್ಕಿಕೊಳ್ಳುತ್ತಾ ಕೂತರೆ ಅಷ್ಟರಲ್ಲಿ ಹಳೆಯ ಮನೆ ಮರೆತುಹೋಗುತ್ತದಂತೆ. ನಮ್ಮ ಬೆಕ್ಕು ಕೂರಲಿಲ್ಲ. ತುಪ್ಪದ ಕಾಲಲ್ಲೇ ಅಡುಗೆಮನೆ, ನಡುಮನೆ, ಟಿವಿ, ಕಿಟಕಿ ಎಲ್ಲ ಓಡಾಡಿ, ಒಗೆದು ಮಡಚಿಟ್ಟಿದ್ದ ಅಪ್ಪನ ಪಂಚೆಯ ಮೇಲೆ ಹೆಜ್ಜೆ ಮೂಡಿಸಿ, ಅಟ್ಟ ಹತ್ತಿ ಕೂತು ಒದರಲು ಶುರುಮಾಡಿತು.

"ಇದನ್ನ ಯಾವ ಪುಣ್ಯಕ್ಕೆ ತಂದ್ರಿ?" ಎಂದರು ಅಪ್ಪ.

"ಹೊಸ ಮನೆ, ಹೆದರ್ಕಂಡೈತೆ. ಒದರ್ಲಿ ಬಿಡ್ರಿ" ಎಂದಳು ಅವ್ವ.

ನಾನು ಕೆಲಸ ಮಾಡುವುದು ಕುದಾಪುರದ ಹತ್ತಿರದ ಒಂದು ಕ್ಯಾಂಪಸ್ಸಿನ ಅತಿಥಿಗೃಹದಲ್ಲಿ, ಗುತ್ತಿಗೆ ಮೇಲೆ. ಬೆಳಿಗ್ಗೆ ವ್ಯಾನಿನಲ್ಲಿ ಹೋಗಿ ಸಂಜೆ ಬರುತ್ತೇನೆ. ಅಲ್ಲಿ ಕ್ವಾರ್ಟರ್ಸಿನಲ್ಲಿರುವ ಉತ್ತರದ ಕಡೆಯ ಮೇಡಂ ಒಬ್ಬರು ಎರಡು ಬೆಕ್ಕು ಸಾಕಿದ್ದಾರೆ. ನಿದ್ದೆಗೆಟ್ಟ ನನ್ನ ಮುಖ ನೋಡಿ ವಿಚಾರಿಸಿದವರು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಪಾಠವನ್ನೇ ಮಾಡಿದರು. ಮೊದಲು ಇಡೀ ಮನೆ ಬಿಟ್ಟುಕೊಡಬೇಡಿ, ಒಂದು ಕೋಣೆ ಕೊಡಿ. ಅಡಗಿ ಕೂರಲು ಒಂದು ಮೂಲೆ ಇರಲಿ. ನೀವಾಗಿ ಮುಟ್ಟಬೇಡಿ, ಅದಾಗಿ ಬರಲಿ. ಊಟಕ್ಕೆ ಮುಂಚೆ ಸುಸ್ತಾಗುವಷ್ಟು ಆಡಿಸಿ, ಆಮೇಲೆ ತಿಂದು ಮಲಗುತ್ತದೆ. ಬೈದರೆ ನಿಮ್ಮ ದನಿ ಕೇಳಿದರೇ ಓಡುವುದನ್ನು ಕಲಿಯುತ್ತದೆ. ಮೂರು ತಿಂಗಳು ಬೇಕು ಒಂದು ಮನೆ ತನ್ನದು ಅನ್ನಿಸೋಕೆ, ಅವಸರ ಮಾಡಬೇಡಿ ಎಂದರು. ಅವರ ಮಾತು ಕೇಳುತ್ತಾ ನನಗೆ ಮೈಯೆಲ್ಲ ಉರಿಯುತ್ತಿತ್ತು, ಪಾಪ, ಅದು ಅವರ ತಪ್ಪಲ್ಲ. ಮೂರು ತಿಂಗಳು. ಅಕ್ಕನಿಗೆ ಮೂರು ದಿನವೂ ಸಿಕ್ಕಿರಲಿಲ್ಲ.

ಮನೆಗೆ ಬಂದು ಒಪ್ಪಿಸಿದೆ. ಅಪ್ಪ ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ನನ್ನ ಕೋಣೆ ಬೆಕ್ಕಿನದಾಯಿತು. ಮಂಚದ ಕೆಳಗೆ ಅಕ್ಕಿ ಮೂಟೆ ಸರಿಸಿ ಅವ್ವ ಅದಕ್ಕೊಂದು ಹಳೇ ಸೀರೆ ಹಾಸಿದಳು. ಬಟ್ಟಲಿನ ಪಕ್ಕ ಕೂತು, ಮುಖ ಆ ಕಡೆ ತಿರುಗಿಸಿಕೊಂಡು, ನೋಡಿಯೂ ನೋಡದಂತೆ ಕಾಯುವುದನ್ನು ಕಲಿತಳು. ನೋಡಿದರೆ ಅದು ಉಣ್ಣುವುದಿಲ್ಲ ಎಂದು ಅವಳೇ ಕಂಡುಕೊಂಡದ್ದು. ಹಾಲನ್ನ ಬೇಡವೆಂದಾಗ ಮೊಸರನ್ನ, ಅದೂ ಬೇಡವೆಂದಾಗ ಮೊಟ್ಟೆ. ನಮಗೆ ಎಂದಾದರೂ "ಇದು ಬ್ಯಾಡ" ಎಂದರೆ "ಹಸಿವಾದಾಗ ತಿಂತೀಯ ಬಿಡು" ಎನ್ನುತ್ತಿದ್ದವಳು ಇವಳೇ.

ಅಪ್ಪನದು ಇನ್ನೂ ವಿಚಿತ್ರ. ಅಂಗಡಿಯಿಂದ ಚೀಲ ಹೊಲಿಯುವ ಹುರಿ ತಂದು, ತುದಿಗೆ ಕಾಗದದ ಉಂಡೆ ಕಟ್ಟಿ, ಸಂಜೆ ಪಡಸಾಲೆಯಲ್ಲಿ ಎಳೆದುಕೊಂಡು ಓಡಾಡತೊಡಗಿದರು. ಅರವತ್ತರ ಮನುಷ್ಯ, ಮಂಡಿನೋವು ಬೇರೆ. ಮುಂದೆ ಇವರು, ಹಿಂದೆ ಬಾಲ ನೆಟ್ಟಗೆ ಮಾಡಿಕೊಂಡು ಅದು. ಒಂದು ಸಲ ಗುರಿ ತಪ್ಪಿ ಅವರ ಪಾದವನ್ನೇ ಹಿಡಿದು ರಕ್ತ ಬರುವಂತೆ ಕೆರೆಯಿತು. ಈಗ ಬಿತ್ತು ಏಟು ಎಂದುಕೊಂಡೆ. ಅಪ್ಪ ಅರಿಶಿನ ಮೆತ್ತಿಕೊಂಡು "ಆಡಾಕೆ ಬಂದಿತ್ತು, ಗೊತ್ತಾಗ್ಲಿಲ್ಲ ಅದಕ್ಕೆ" ಎಂದರು. ಅಷ್ಟೇ ಅಲ್ಲ, ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದು ಮತ್ತೆ ಹುರಿ ಹಿಡಿದರು. ನಮ್ಮ ಮನೆಯವರಿಗೆ ಇಷ್ಟೊಂದು ತಾಳ್ಮೆ ಎಲ್ಲಿ ಅಡಗಿತ್ತೋ. ನಾನು ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದೇನೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒದರುವುದು ಮಾತ್ರ ನಿಲ್ಲಲಿಲ್ಲ. ಕೋಳಿ ಕೂಗುವ ಮೊದಲೇ ಅದರ ಸುಪ್ರಭಾತ. ಬಾಗಿಲು ಮುಚ್ಚಿದರೆ ತೆಗೆ ಎಂದು, ತೆಗೆದರೆ ಯಾಕೆ ತೆಗೆದೆ ಎಂದು. ಅಟ್ಟದ ಮೇಲಿನ ಸ್ಟೀಲು ಪಾತ್ರೆಗಳನ್ನು ಒಂದೊಂದೇ ಕೆಳಗೆ ತಳ್ಳಿ, ಬಿದ್ದ ಸದ್ದಿಗೆ ತಾನೇ ಬೆಚ್ಚಿ, ಪರದೆ ಹತ್ತಿ ನೇತಾಡುತ್ತಿತ್ತು. ಅವ್ವ ಅದಕ್ಕೆ ಬಾಯ್ಬಡಕಿ ಎಂದು ಕರೆಯುತ್ತಿದ್ದಳು, ಆ ಬೈಗುಳದಲ್ಲಿ ಮುದ್ದೇ ಹೆಚ್ಚು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ರಾಗ ಎಳೆದಾಗ ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಬ್ಯಾರೆ ಮನೇಲಿ ಬೆಳೆದಿದ್ದು ಕಣಮ್ಮ. ಇಲ್ಲಿ ರೀತಿ ರಿವಾಜು ಅದಕ್ಕೇನು ಗೊತ್ತು? ಒಂದೇ ದಿನಕ್ಕೆ ಬದಲಾಗು ಅಂದ್ರೆ ಯಾರಾದ್ರೂ ಆಗ್ತಾರಾ? ಸ್ವಲ್ಪ ತಡ್ಕಳ್ರಿ." ನಾನು ಬಟ್ಟೆ ಒಣಹಾಕುತ್ತಾ ಕೇಳಿಸಿಕೊಂಡೆ. ಈ ಮಾತನ್ನು ನಾಲ್ಕು ವರ್ಷದ ಹಿಂದೆ ಮೊಳಕಾಲ್ಮೂರಿಗೆ ಹೋಗಿ ಆ ಬಾಗಿಲಲ್ಲಿ ನಿಂತು ಹೇಳಿದ್ದರೆ ಎನ್ನಿಸಿ, ಕೈಯಲ್ಲಿದ್ದ ಬಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಹಿಂಡಿದೆ.

ಅಕ್ಕನ ಫೋನು ಈಗ ಸ್ವಲ್ಪ ಹೆಚ್ಚಾಯಿತು. ನೀನು ಹೆಂಗಿದೀಯ ಎಂದರೆ "ಬೆಕ್ಕು ಹೆಂಗೈತೆ ಹೇಳು" ಎನ್ನುತ್ತಿದ್ದಳು. ಉಣ್ಣುತ್ತದಾ, ಎಲ್ಲಿ ಮಲಗುತ್ತದೆ, ಇನ್ನೂ ಹೆದರುತ್ತದಾ, ಅಪ್ಪ ಹೊಡೆಯುತ್ತಾರಾ. ಅಪ್ಪ ಹುರಿ ಹಿಡಿದು ಆಡಿಸುತ್ತಾರೆ ಎಂದಾಗ ನಂಬಲಿಲ್ಲ. ವಿಡಿಯೋ ಕಳಿಸಿದೆ. ಅದನ್ನು ನೋಡಿ ಒಂದು ದಿನ ಬಿಟ್ಟು ಫೋನು ಮಾಡಿದವಳು, "ನಮ್ಮಪ್ಪನಾ ಅದು?" ಎಂದಷ್ಟೇ ಕೇಳಿದಳು. ಆ ದನಿಯಲ್ಲಿ ಸಂತೋಷವಿತ್ತೋ ಹೊಟ್ಟೆಕಿಚ್ಚಿತ್ತೋ ನನಗೆ ತಿಳಿಯಲಿಲ್ಲ. ಎರಡೂ ಇದ್ದರೆ ತಪ್ಪೇನು.

ಮಳೆಗಾಲ ಮುಗಿಯುವ ಹೊತ್ತಿಗೆ ಬೆಕ್ಕು ನಮ್ಮದಾಗಿತ್ತು. ಒದರುವುದು ಬಿಟ್ಟಿತು ಎಂದಲ್ಲ, ನಮಗೆ ಅದರ ಅರ್ಥ ತಿಳಿಯತೊಡಗಿತು ಅಷ್ಟೇ. ಈ ಕೂಗು ಹಸಿವಿಗೆ, ಈ ಕೂಗು ಬಾಗಿಲಿಗೆ, ಇದು ಸುಮ್ಮನೆ ಮಾತಿಗೆ. ಅಪ್ಪ ಅಂಗಡಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬಂದು ಕಾಲಿಗೆ ಮೈ ಉಜ್ಜುತ್ತಿತ್ತು. ಅವ್ವ ಹೂ ಕಟ್ಟುವಾಗ ದಾರದ ತುದಿಗೆ ಕೈ ಹಾಕುತ್ತಿತ್ತು, ಅವಳು ಅದಕ್ಕೆಂದೇ ಒಂದು ತುಂಡು ದಾರ ಬೇರೆ ಇಡುತ್ತಿದ್ದಳು. ಇದೇ ಹೊತ್ತಿಗೆ ನನಗೆ ಹಿರಿಯೂರಿನ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಕಡೆಯವರು ಬರುವ ವಾರ ನೋಡಲು ಬರುತ್ತೇವೆ ಎಂದಿದ್ದರು. ಅವ್ವ ಗೌರಸಮುದ್ರದ ಮಾರಮ್ಮನಿಗೆ ಹರಕೆ ಕಟ್ಟಿಕೊಂಡಳು.

ಆ ಬುಧವಾರ ಸಂಜೆ ವ್ಯಾನಿಳಿದು ಮನೆಗೆ ಬಂದರೆ ಬಾಗಿಲಲ್ಲಿ ಅಕ್ಕನ ಚಪ್ಪಲಿ. ಒಳಗೆ ಅವ್ವ ಒಲೆಯ ಮುಂದೆ, ಅಪ್ಪ ಪಡಸಾಲೆಯಲ್ಲಿ, ಅಕ್ಕ ನಡುಮನೆಯ ಗೋಡೆಗೆ ಒರಗಿ ಕೂತಿದ್ದಾಳೆ. ಪಕ್ಕದಲ್ಲಿ ಒಂದು ಬಟ್ಟೆಯ ಚೀಲ. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಈ ಸಲ ಎಳೆಯ ನೆಪ ಹೇಳಲಿಲ್ಲ. "ಕಂಡಿಕೆ ಸುತ್ತೋದು ತಡ ಆಯ್ತು ಅಂತ ನಿನ್ನ ಬಾವ ಲಾಳೀಲಿ ಹೊಡೆದ್ರು" ಎಂದಳು. "ನಾನು ವಾಪಸ್ ಹೋಗಲ್ಲ." ಇಷ್ಟನ್ನು ಅವಳು ಅಳುತ್ತಾ ಹೇಳಿದ್ದರೆ ಅಪ್ಪ ಅವ್ವನಿಗೆ ಸುಲಭವಾಗುತ್ತಿತ್ತೇನೋ. ಅವಳು ಅಳಲಿಲ್ಲ.

ಬೆಕ್ಕು ಎಲ್ಲಿ ಎಂದು ಅವಳೇ ಕೇಳಿದಳು. ಮಂಚದ ಕೆಳಗಿಂದ ಅದು ತಲೆ ಹೊರಗೆ ಹಾಕಿತು. ಅಕ್ಕ ಕೈ ಚಾಚಿ, ತಾನು ಅಲ್ಲಿ ಕರೆಯುತ್ತಿದ್ದ ಹಾಗೆ ತುಟಿಯಲ್ಲಿ ಸದ್ದು ಮಾಡಿದಳು. ಅದು ನಾಲ್ಕು ಹೆಜ್ಜೆ ಬಂದು, ಅವಳ ಬಟ್ಟೆಯ ಚೀಲ ಮೂಸಿತು. ಬೆನ್ನ ಮೇಲಿನ ಕೂದಲು ನಿಗುರಿತು. ಒಂದೇ ನೆಗೆತಕ್ಕೆ ಅಟ್ಟ ಹತ್ತಿ, ಹಳೇ ಹಂಡೆಯ ಹಿಂದೆ ಹೊಕ್ಕು, ಮೊದಲ ದಿನದ ಹಾಗೆ ಕಿರುಚತೊಡಗಿತು. ಅಕ್ಕನ ಕೈ ಚಾಚಿದಲ್ಲೇ ಇತ್ತು.

"ಆ ಮನೆ ವಾಸನೆ ಬಂತು ಅದಕ್ಕೆ. ಕರ್ಕಂಡು ಹೋಗಾಕೆ ಬಂದಾಳೆ ಅಂತ ಹೆದರೈತೆ" ಎಂದಳು ಅವ್ವ.

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡು, "ಬುದ್ಧಿವಂತೆ" ಎಂದಳು.

ಊಟವಾದ ಮೇಲೆ ಅಪ್ಪ ಮಾತು ಶುರುಮಾಡಿದರು. ಬೈಯಲಿಲ್ಲ, ಜೋರು ಮಾಡಲಿಲ್ಲ. ಮೆತ್ತಗೆ, ಗಿರಾಕಿಗೆ ಹೇಳುವ ಹಾಗೆ ಹೇಳಿದರು. ಇವಳನ್ನು ನೋಡಲು ಜನ ಬರುವವರಿದ್ದಾರೆ. ಗಂಡನನ್ನು ಬಿಟ್ಟು ಬಂದ ಅಕ್ಕ ಮನೆಯಲ್ಲಿ ಕೂತಿದ್ದರೆ ತಂಗಿಯನ್ನು ಯಾರು ಒಪ್ಪುತ್ತಾರೆ. ಇದೊಂದು ಆಗಲಿ, ಆಮೇಲೆ ಹಿರಿಯರನ್ನು ಕೂರಿಸಿ ಮಾತಾಡೋಣ. ಅವ್ವ ನಡುನಡುವೆ "ಒಂದೆರಡು ತಿಂಗಳು ತಡ್ಕಾ" ಎಂದು ಸೇರಿಸಿದಳು. ನನಗೆ ರೇಗಿತು. ಅವಳು ಇಲ್ಲೇ ಇರಲಿ, ನನಗೆ ಈ ಮದುವೆಯೇ ಬೇಡ ಎಂದೆ. "ನಿನ್ನ ಕೇಳಿದ್ದು ಯಾರು?" ಎಂದರು ಅಪ್ಪ, ನನ್ನ ಕಡೆ ತಿರುಗಿಯೂ ನೋಡದೆ. ಮುಂದಿನ ವಾರ ಆ ಹಿರಿಯೂರಿನವರು ಬಂದು, ಉಪ್ಪಿಟ್ಟು ತಿಂದು, ಹುಡುಗಿ ತುಸು ಗಟ್ಟಿಮಾತಿನವಳು ಎಂದು ಹೇಳಿ ಕಳಿಸಿ ಸಂಬಂಧ ಬಿಟ್ಟರು. ಯಾವುದಕ್ಕೆಂದು ಅಕ್ಕನನ್ನು ಒತ್ತೆ ಇಟ್ಟರೋ ಅದೂ ಕೈಗೆ ಬರಲಿಲ್ಲ. ಆದರೆ ಆ ದಿನ ಅದು ನಮಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಬೇರೆ ಯಾವುದಾದರೂ ನೆಪ ಸಿಗುತ್ತಿತ್ತು.

ಅಕ್ಕ ಎಲ್ಲ ಕೇಳಿಸಿಕೊಂಡಳು. ಅಟ್ಟದಿಂದ ಕೂಗು ಬರುತ್ತಲೇ ಇತ್ತು. ತಲೆ ಎತ್ತಿ ಅತ್ತ ನೋಡಿ, ಅಪ್ಪನ ಕಡೆ ತಿರುಗಿದಳು.

"ಬೆಕ್ಕಿಗೆ ಕೊಟ್ಟಷ್ಟು ದಿನ ನನಗೂ ಕೊಡ್ರಿ ಅಪ್ಪಾ" ಎಂದಳು. "ಒಂದು ಕೋಣೆ ಸಾಕು. ನಾನು ಅದ್ರಷ್ಟು ಸದ್ದೂ ಮಾಡಲ್ಲ."

"ಬೆಕ್ಕು ಯಾಕೆ ಬಂತು ಅಂತ ಊರಾಗೆ ಯಾರೂ ಕೇಳಲ್ಲ ಕಣಮ್ಮ" ಎಂದು ಅಪ್ಪ ಎದ್ದುಹೋದರು.

ಅಪ್ಪನೇ ಫೋನು ಮಾಡಿರಬೇಕು. ಮರುದಿನ ಹತ್ತು ಗಂಟೆಗೆಲ್ಲ ಬಾವ ತಮ್ಮ ಸೋದರಮಾವನನ್ನು ಕರೆದುಕೊಂಡು ಬಂದರು. ನಾನು ಕೆಲಸಕ್ಕೆ ಹೋಗಿರಲಿಲ್ಲ. ಬಾವನ ಮುಖದಲ್ಲಿ ಕೋಪವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಮಗ್ಗದ ಕೆಲಸ ನಿಂತಿದೆ ಎನ್ನುವ ಅವಸರವಷ್ಟೇ ಇತ್ತು. ಸೋದರಮಾವ ಕಾಫಿ ಕುಡಿಯುತ್ತಾ "ಮನೆ ಅಂದ್ಮೇಲೆ ಜಗಳ ಬರ್ತಾವೆ ಹೋಗ್ತಾವೆ, ಏಮಂಟಾರು, ಏನಂತೀರಿ" ಎಂದು ಅಪ್ಪನ ತೊಡೆ ತಟ್ಟಿದರು. ಅಪ್ಪ ಹೌದೌದು ಎಂದು ತಲೆಯಾಡಿಸಿದರು. ಅವಳ ಹೆಬ್ಬೆರಳನ್ನು ಒಮ್ಮೆ ನೋಡ್ರಿ ಎಂದು ನಾನು ಬಾವನ ಎದುರಿಗೇ ಹೇಳಿದೆ. "ದೊಡ್ಡೋರು ಮಾತಾಡೋವಾಗ ನಡುವೆ ಬಾಯಿ ಹಾಕಬ್ಯಾಡ" ಎಂದು ಅವ್ವ ನನ್ನನ್ನೇ ಒಳಗೆ ಕಳಿಸಿದಳು.

ಅವ್ವ ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಅರಿಶಿನ ಕುಂಕುಮ ಕೊಟ್ಟು, ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆಯಡಿಕೆ ತುಂಬಿದಳು. ಹೊಡೆತ ತಿಂದು ಬಂದವಳಿಗೂ ಮಡಿಲಕ್ಕಿ ತಪ್ಪಿಸುವಂತಿಲ್ಲ, ಬರಿ ಮಡಿಲಲ್ಲಿ ಮಗಳನ್ನು ಕಳಿಸಿದರೆ ತವರಿಗೆ ಕೇಡಂತೆ. ಅವ್ವನ ಮುಖ ಕಲ್ಲಾಗಿತ್ತು. ಅಕ್ಕಿ ಚೆಲ್ಲದಂತೆ ಸೆರಗು ಬಿಗಿದು ಕಟ್ಟಿದಳು. ಅಕ್ಕ ಎದ್ದು ಅಪ್ಪನ ಕಾಲಿಗೆ, ಅವ್ವನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದಳು. ನನ್ನ ಕೆನ್ನೆ ಸವರಿದಳು.

ಬಾವನ ದನಿ ಕೇಳಿದ್ದರಿಂದಲೋ ಏನೋ, ಹಿಂದಿನ ಸಂಜೆಯಿಂದ ಇಳಿಯದ ಬೆಕ್ಕು ಅಟ್ಟದ ಮೇಲೆ ಹುಚ್ಚು ಹಿಡಿದಂತೆ ಕೂಗುತ್ತಿತ್ತು. ಹಂಡೆಗೆ ಮೈ ಬಡಿದುಕೊಳ್ಳುವುದು ಕೇಳಿಸುತ್ತಿತ್ತು. ಎಲ್ಲರೂ ಬಾಗಿಲ ಹತ್ತಿರ ಹೊರಟಾಗ ಅವ್ವನಿಗೆ ಅದನ್ನು ಕೇಳಲಾಗಲಿಲ್ಲ. ನಡುಮನೆಯಲ್ಲೇ ನಿಂತು, ತಲೆ ಎತ್ತಿ, ಕೂಸಿಗೆ ಹೇಳುವ ದನಿಯಲ್ಲಿ ಕರೆದಳು.

"ಬಾರವ್ವ, ಇಳಿ ಕೆಳಗೆ. ನಿನ್ನನ್ನ ಯಾರೂ ಕಳ್ಸಲ್ಲ. ನಾನಿದೀನಿ, ಯಾರೂ ಕರ್ಕಂಡು ಹೋಗಲ್ಲ ನಿನ್ನ. ಬಾ."

ಹೊಸ್ತಿಲಲ್ಲಿ ಒಂದು ಕಾಲಿಟ್ಟಿದ್ದ ಅಕ್ಕ ನಿಂತಳು. ಅವ್ವನಿಗೆ ತಾನು ಆಡಿದ್ದು ಏನೆಂದು ಆಗ ತಿಳಿಯಿತು. ಸೆರಗು ಬಾಯಿಗೆ ಹೋಯಿತು. ಅಪ್ಪ ಗೋಡೆ ನೋಡಿದರು.

"ಈಗ ಇಳಿಸಬ್ಯಾಡವ್ವ" ಎಂದಳು ಅಕ್ಕ, ತಿರುಗದೆಯೇ. "ನಾನು ಹೋದ್ಮೇಲೆ ತಾನೇ ಇಳೀತೈತೆ." ಮಡಿಲನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು, ಬಾವನಿಗಿಂತ ಮುಂದೆ ನಡೆದು ಆಟೋದಲ್ಲಿ ಕೂತಳು.

ಅವಳು ಹೇಳಿದಂತೆಯೇ ಆಯಿತು. ಆಟೋ ತಿರುವು ದಾಟಿದ ಮೇಲೆ ಬೆಕ್ಕು ಹಂಡೆಯ ಹಿಂದಿಂದ ಇಣುಕಿ, ಧೂಳು ಮೆತ್ತಿದ ಮೈಯಲ್ಲಿ ಇಳಿದು ಬಂತು. ಅಕ್ಕ ಕೂತಿದ್ದ ಮಣೆಯನ್ನು ಒಂದು ಸುತ್ತು ಮೂಸಿ, ಅವ್ವನ ಕಾಲಿಗೆ ಮೈ ಉಜ್ಜಿತು. ಅವ್ವ ಅದನ್ನು ಎತ್ತಿ ಎದೆಗೆ ಅವುಚಿಕೊಂಡು, ನೆಲದ ಮೇಲೆ ಕೂತು, ಬಿಕ್ಕಿ ಬಿಕ್ಕಿ ಅತ್ತಳು. ಹಿಂದಿನ ರಾತ್ರಿ ಅಕ್ಕನ ಹೆಬ್ಬೆರಳ ಬಟ್ಟೆ ಬಿಚ್ಚಿ ಅರಿಶಿನ ಹಚ್ಚುವಾಗ ಒಂದು ಹನಿ ಹಾಕದವಳು, ಮಡಿಲು ತುಂಬುವಾಗ ಕಲ್ಲಿನ ಹಾಗಿದ್ದವಳು, ಬೆಕ್ಕಿನ ತಲೆಯ ಮೇಲೆ ಕೆನ್ನೆಯಿಟ್ಟು ಅಳುತ್ತಿದ್ದಳು. ನನಗೆ ಅದನ್ನು ಸಹಿಸಲಾಗಲಿಲ್ಲ. ಬೆಕ್ಕನ್ನು ಅವಳ ಕೈಯಿಂದ ಕಿತ್ತು ಆಚೆ ಬಿಟ್ಟೆ.

"ಈ ಅಳು ಅವಳ ಮುಂದೆ ಅಳಬೇಕಿತ್ತು" ಎಂದೆ.

ಅವ್ವ ಮುಖ ಒರೆಸಿಕೊಳ್ಳಲಿಲ್ಲ.

"ಅವಳ ಮುಂದೆ ಅತ್ತಿದ್ರೆ ಅವಳು ಹೋಗ್ತಿರಲಿಲ್ಲ" ಎಂದಳು.